ಟೈಪ್ 1 ಬಂದು 5 ವಾರ ಆಯ್ತು, 1500 ಮೀಟರ್ ಓಟ ಮುಂದುವರಿಸೋದು ಹೇಗೆ?

ಮೂರುಮುಕ್ಕಾಲು_ಸುತ್ತು

ಎಲ್ಲರಿಗೂ ನಮಸ್ಕಾರ. ನನಗೆ 22 ವರ್ಷ. 1500 ಮೀಟರ್ ಓಡುತ್ತೇನೆ, ಆಗಾಗ 800 ಕೂಡ. 5 ವಾರದ ಹಿಂದೆ ಟೈಪ್ 1 ಡಯಾಬಿಟಿಸ್, ಅಂದರೆ ದೇಹ ತಾನೇ ಇನ್ಸುಲಿನ್ ಮಾಡೋದು ನಿಂತುಹೋಗೋ ಕಾಯಿಲೆ, ಅಂತ ಗೊತ್ತಾಯಿತು.

ಅದಕ್ಕೂ ಎರಡು ತಿಂಗಳ ಮೊದಲಿಂದಲೇ ನನ್ನ ಟೈಮಿಂಗ್ ಕೆಡುತ್ತಾ ಬಂದಿತ್ತು. ನಿಧಾನದ ಓಟದಲ್ಲೂ ಕಾಲು ಕಲ್ಲಿನ ಹಾಗೆ ಭಾರ. ರಾತ್ರಿ 4-5 ಸಲ ಮೂತ್ರಕ್ಕೆ ಏಳುತ್ತಿದ್ದೆ. ಒಂದು ಬಾಟಲಿ ನೀರು ಕುಡಿದು ಕೆಳಗಿಡುವಷ್ಟರಲ್ಲಿ ಮತ್ತೆ ಬಾಯಿ ಒಣಗುತ್ತಿತ್ತು. 7 ಕಿಲೋ ಇಳಿದೆ. ಪ್ರಾಕ್ಟೀಸ್ ಜಾಸ್ತಿ ಆಗಿದೆ, ಒಂದು ವಾರ ರೆಸ್ಟ್ ತಗೋ ಅಂದರು ಕೋಚ್. ನಾನೂ ಹಾಗೇ ಅಂದುಕೊಂಡೆ. ಕೊನೆಗೆ ಒಂದು ಬೆಳಿಗ್ಗೆ ವಾಂತಿ ನಿಲ್ಲಲೇ ಇಲ್ಲ, ಕೂತಲ್ಲೇ ಏದುಸಿರು ಬರುತ್ತಿತ್ತು. ಆಸ್ಪತ್ರೆಗೆ ಹೋದಾಗ ಶುಗರ್ 486. ಕೀಟೋನ್ (ಇನ್ಸುಲಿನ್ ಸಾಲದೆ ದೇಹ ಕೊಬ್ಬು ಕರಗಿಸುವಾಗ ರಕ್ತಕ್ಕೆ ಸೇರುವ ಆಮ್ಲ) ಏರಿತ್ತು. ನಾಲ್ಕು ದಿನ ಅಡ್ಮಿಟ್ ಆಗಿದ್ದೆ.

ಈಗ ರಾತ್ರಿ ಒಂದು ಸಲ ಬೇಸಲ್ (ದಿನವಿಡೀ ನಿಧಾನವಾಗಿ ಕೆಲಸ ಮಾಡೋ) ಇನ್ಸುಲಿನ್, ಊಟದ ಮುಂಚೆ ಪೆನ್ನಲ್ಲಿ ಬೋಲಸ್ (ಊಟಕ್ಕೆ ಬೇಗ ಕೆಲಸ ಮಾಡೋ ಇನ್ಸುಲಿನ್). ತೋಳಿಗೆ ಶುಗರ್ ತೋರಿಸೋ ಸೆನ್ಸರ್ ಹಾಕಿಕೊಂಡು ಎರಡು ವಾರ ಆಯ್ತು. ಕಳೆದ ವಾರ ಓಟ ಮತ್ತೆ ಶುರು ಮಾಡಿದೆ. ನನ್ನ ತಲೆ ಕೆಡಿಸಿರೋದು ಈ ಎರಡು ದಿನ:

ಮಂಗಳವಾರ ಸಂಜೆ 40 ನಿಮಿಷ ಆರಾಮಾಗಿ ಓಡಿದೆ. ಶುರುವಿನಲ್ಲಿ 150, ಮುಗಿದಾಗ 62. ಕೈ ನಡುಗುತ್ತಿತ್ತು, ಶೂ ಲೇಸ್ ಬಿಚ್ಚೋಕೂ ಆಗಲಿಲ್ಲ.

ಗುರುವಾರ 400 ಮೀಟರ್ ರಿಪೀಟ್ 6 ಸಲ, ಪೂರ್ತಿ ಜೋರಾಗಿ. ಶುರುವಿನಲ್ಲಿ 140, ಮುಗಿದಾಗ 230!

ಅದೇ ಟ್ರ್ಯಾಕ್, ಅದೇ ಹೊತ್ತು, ಓಡಿದ್ದೂ ನಾನೇ. ಹೀಗ್ಯಾಕೆ? ಸದ್ಯಕ್ಕೆ ಸ್ಪರ್ಧೆ ಮರೆತುಬಿಡು, ವಾಕಿಂಗ್ ಮಾಡು ಅಂತ ಒಬ್ಬ ಡಾಕ್ಟರ್ ಹೇಳಿದ್ದಾರೆ. 11 ವಾರದಲ್ಲಿ ನನ್ನ ರೇಸ್ ಇದೆ. ಅದಕ್ಕಿಂತ ಜಾಸ್ತಿ ಕಾಡುತ್ತಿರೋದು ರಾತ್ರಿ. ಓಡಿದ ದಿನ ನಿದ್ದೆ ಮಾಡೋಕೇ ಭಯ. ಸ್ಪರ್ಧೆಯಲ್ಲಿ ಇರೋರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಎರಡು_ಚಕ್ರ

ತಂಗಿ, ನನಗೆ ಟೈಪ್ 1 ಬಂದು 11 ವರ್ಷ. ರೋಡ್ ಸೈಕ್ಲಿಂಗ್ ಮಾಡುತ್ತೇನೆ. ನಿನ್ನ ದೇಹ ಕೆಟ್ಟು ಹೀಗೆ ಮಾಡುತ್ತಿಲ್ಲ. ನೀನು ಮಾಡಿದ್ದು ಎರಡು ಬೇರೆ ಬೇರೆ ಕೆಲಸ, ದೇಹ ಎರಡಕ್ಕೂ ತಕ್ಕ ಉತ್ತರ ಕೊಟ್ಟಿದೆ.

ಆರಾಮಿನ ಓಟದಲ್ಲಿ ಸ್ನಾಯು ಇನ್ಸುಲಿನ್‌ಗೆ ಕಾಯದೆ ತಾನಾಗಿಯೇ ರಕ್ತದಿಂದ ಸಕ್ಕರೆ ಎಳೆದುಕೊಳ್ಳುತ್ತದೆ. ಆರೋಗ್ಯವಾಗಿ ಇರೋರಲ್ಲಿ ಆಗ ಮೇದೋಜೀರಕ ಗ್ರಂಥಿ ಇನ್ಸುಲಿನ್ ಕಡಿಮೆ ಮಾಡುತ್ತದೆ, ಲಿವರ್ ಸಕ್ಕರೆ ಬಿಡುತ್ತದೆ, ಲೆಕ್ಕ ಸರಿ ಹೋಗುತ್ತದೆ. ನಮ್ಮಲ್ಲಿ ಚುಚ್ಚಿದ ಇನ್ಸುಲಿನ್ ಒಳಗೆ ಹೋಗಿ ಆಗಿದೆ. ಅದನ್ನು ವಾಪಸ್ ತೆಗೆಯೋಕೆ ಆಗಲ್ಲ. ಜೊತೆಗೆ ಅದು ಲಿವರ್ ಕೈಯನ್ನೂ ಕಟ್ಟಿಹಾಕುತ್ತದೆ. ಹಾಗಾಗಿ ಶುಗರ್ ಜಾರುತ್ತದೆ.

ಜೋರು ಓಟದಲ್ಲಿ ಅಡ್ರಿನಲಿನ್ ಏರುತ್ತದೆ. ಲಿವರ್ ಒಂದೇ ಸಮನೆ ಸಕ್ಕರೆ ಸುರಿಯುತ್ತದೆ, ಸ್ನಾಯು ಅಷ್ಟನ್ನು ಬಳಸೋಕೆ ಆಗಲ್ಲ. ಆರೋಗ್ಯವಂತರಲ್ಲೂ ಏರುತ್ತದೆ, ಆದರೆ ಓಟ ನಿಂತ ತಕ್ಷಣ ಅವರ ಇನ್ಸುಲಿನ್ ಬಂದು ಇಳಿಸುತ್ತದೆ. ನಮಗೆ ಆ ವ್ಯವಸ್ಥೆ ಇಲ್ಲ, ಅಷ್ಟೇ.

ಒಂದು ಕೇಳುತ್ತೇನೆ. ಮಂಗಳವಾರ ಓಟಕ್ಕೆ ಎಷ್ಟು ಹೊತ್ತು ಮುಂಚೆ ತಿಂದು ಇನ್ಸುಲಿನ್ ತಗೊಂಡಿದ್ದೆ? ಎಲ್ಲಿ ಚುಚ್ಚಿಕೊಂಡೆ?

ಮೂರುಮುಕ್ಕಾಲು_ಸುತ್ತು

ಅಣ್ಣಾ, ಒಂದು ಗಂಟೆ ಮುಂಚೆ. ತೊಡೆಗೆ.

ಎರಡು_ಚಕ್ರ

ಅಲ್ಲೇ ಸಿಕ್ಕಿತು ನೋಡು. ಊಟದ ಇನ್ಸುಲಿನ್ ತುತ್ತತುದಿಗೆ ಏರೋದು ಹೆಚ್ಚುಕಮ್ಮಿ ಒಂದರಿಂದ ಒಂದೂವರೆ ಗಂಟೆಗೆ. ಸರಿಯಾಗಿ ಆ ಹೊತ್ತಿಗೆ ಓಡಿದ್ದೀಯ. ಅದೂ ತೊಡೆಗೆ ಚುಚ್ಚಿಕೊಂಡು. ಕೆಲಸ ಮಾಡುವ ಕಾಲಿಗೆ ರಕ್ತ ಜಾಸ್ತಿ ಹರಿಯುತ್ತದೆ, ಇನ್ಸುಲಿನ್ ಬೇಗ ಒಳಗೆ ಹೋಗುತ್ತದೆ. ಓಡುವ ದಿನ ಹೊಟ್ಟೆಗೆ ಚುಚ್ಚಿಕೋ. ಓಟ ಊಟಕ್ಕೆ ಹತ್ತಿರ ಇದ್ದರೆ ಬೋಲಸ್ ಎಷ್ಟು ಇಳಿಸಬೇಕು ಅಂತ ನಿನ್ನ ಡಾಕ್ಟರ್ ಹತ್ತಿರ ಕೂತು ಮಾತಾಡು.

ಇನ್ನೊಂದು. ಒಂದು ದಪ್ಪ ನೋಟ್‌ಬುಕ್ ತಗೋ. ಆ್ಯಪ್‌ನಲ್ಲಿ ಗ್ರಾಫ್ ಇರುತ್ತದೆ ನಿಜ, ಆದರೆ "ನಿದ್ದೆ ಸರಿ ಆಗಿರಲಿಲ್ಲ, ಬಿಸಿಲು ಜಾಸ್ತಿ, ಕೋಚ್ ಬೈದರು" ಅಂತ ಗ್ರಾಫ್ ಬರೆಯಲ್ಲ. ಒಂದೇ ಪ್ರಾಕ್ಟೀಸನ್ನು ಒಂದೇ ಹೊತ್ತಿಗೆ ಮೂರು ಸಲ ಮಾಡು. ಪ್ರತಿ ಸಲ ಒಂದೇ ಒಂದು ವಿಷಯ ಬದಲಾಯಿಸು. ನನ್ನ ಮೊದಲ ವರ್ಷ ವ್ಯರ್ಥ ಆಗಿದ್ದು ಇದಕ್ಕೇ. ಒಂದೇ ದಿನ ಊಟವನ್ನೂ ಬದಲಾಯಿಸುತ್ತಿದ್ದೆ, ಡೋಸನ್ನೂ ಬದಲಾಯಿಸುತ್ತಿದ್ದೆ. ಯಾವುದರಿಂದ ಏನಾಯಿತು ಅಂತ ಗೊತ್ತೇ ಆಗುತ್ತಿರಲಿಲ್ಲ.

ಕ್ಲಿನಿಕ್_ಅಕ್ಕ

ನಾನು ಡಯಾಬಿಟಿಸ್ ನರ್ಸ್. ಇಲ್ಲಿ ಯಾರಿಗೂ ಡೋಸ್ ಹೇಳಲ್ಲ, ಅದು ನಿಮ್ಮ ಡಾಕ್ಟರ್ ಕೆಲಸ. ಆದರೆ ಕೆಲವು ಸಂಖ್ಯೆ ನಿಮ್ಮ ತಲೆಯಲ್ಲಿ ಇರಲೇಬೇಕು. 2017ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪ್ರಕಾಶನದ ಡಯಾಬಿಟಿಸ್ ಪತ್ರಿಕೆಯಲ್ಲಿ ಹಲವು ದೇಶಗಳ ತಜ್ಞರು ಸೇರಿ ಟೈಪ್ 1 ಮತ್ತು ವ್ಯಾಯಾಮದ ಬಗ್ಗೆ ಒಮ್ಮತದ ಮಾರ್ಗಸೂಚಿ ಬರೆದರು. ಅದರಲ್ಲಿರೋದನ್ನೇ ಹೇಳುತ್ತೇನೆ.

ಆರಾಮಿನ ಓಟ ಶುರು ಮಾಡುವಾಗ ಶುಗರ್ 126ರಿಂದ 180ರ ನಡುವೆ ಇದ್ದರೆ ಒಳ್ಳೆಯದು. 90ಕ್ಕಿಂತ ಕಡಿಮೆ ಇದ್ದರೆ 10ರಿಂದ 20 ಗ್ರಾಂ ಗ್ಲೂಕೋಸ್ ತಗೊಂಡು, 90 ದಾಟುವ ತನಕ ಕಾಯಿರಿ. 270ಕ್ಕಿಂತ ಜಾಸ್ತಿ ಇದ್ದು, ಯಾಕೆ ಏರಿದೆ ಅಂತ ಗೊತ್ತಿಲ್ಲದಿದ್ದರೆ ಮೊದಲು ಕೀಟೋನ್ ನೋಡಿ. ರಕ್ತದ ಕೀಟೋನ್ 1.5 ಅಥವಾ ಅದಕ್ಕಿಂತ ಮೇಲಿದ್ದರೆ ಅವತ್ತು ಪ್ರಾಕ್ಟೀಸ್ ಬೇಡವೇ ಬೇಡ, ಡಾಕ್ಟರಿಗೆ ಫೋನ್ ಮಾಡಿ. ಹಿಂದಿನ 24 ಗಂಟೆಯಲ್ಲಿ ಬೇರೆಯವರ ಸಹಾಯ ಬೇಕಾಗುವಷ್ಟು ಶುಗರ್ ಲೋ ಆಗಿದ್ದರೂ ಬೇಡ. ಸ್ಪರ್ಧೆ ಹತ್ತಿರ ಇದೆ ಅಂತ ಈ ಎರಡರಲ್ಲಿ ರಾಜಿ ಮಾಡಿಕೊಂಡವರನ್ನು ನಾನು ವಾರ್ಡಿನಲ್ಲಿ ನೋಡಿದ್ದೇನೆ.

ಆ ಡಾಕ್ಟರ್ ವಾಕಿಂಗ್ ಅಂದಿದ್ದರ ಬಗ್ಗೆ. ಕೀಟೋನ್ ಏರಿ ಅಡ್ಮಿಟ್ ಆಗಿದ್ದವರಿಗೆ ಮೊದಲ ಕೆಲವು ವಾರ ನಿಧಾನ ಅನ್ನೋದು ಸರಿಯೇ. 7 ಕಿಲೋದಲ್ಲಿ ಸ್ನಾಯುವೂ ಹೋಗಿರುತ್ತದೆ. ಆದರೆ ಸ್ಪರ್ಧೆಯನ್ನೇ ಮರೆತುಬಿಡು ಅನ್ನೋ ಮಾತಿಗೆ ಟೈಪ್ 1 ಒಂದೇ ಕಾರಣ ಆಗಬೇಕಿಲ್ಲ. ಕ್ರೀಡಾಪಟುಗಳನ್ನು ನೋಡಿ ಅಭ್ಯಾಸ ಇರುವ ಎಂಡೋಕ್ರೈನಾಲಜಿಸ್ಟ್ (ಹಾರ್ಮೋನ್ ತಜ್ಞ ಡಾಕ್ಟರ್) ಒಬ್ಬರನ್ನು ಹುಡುಕಿ.

ಇನ್ನೊಂದು ಮುಖ್ಯ. ನೀವೀಗ ಹನಿಮೂನ್ ಹಂತ ಅಂತಾರಲ್ಲ, ಅದಕ್ಕೆ ಬರುವ ಸಾಧ್ಯತೆ ಇದೆ. ಇನ್ಸುಲಿನ್ ಶುರು ಮಾಡಿದ ಮೇಲೆ ಉಳಿದಿರುವ ಬೀಟಾ ಕೋಶಗಳು (ಇನ್ಸುಲಿನ್ ಮಾಡುವ ಕೋಶಗಳು) ಸ್ವಲ್ಪ ಕಾಲ ಚೇತರಿಸಿಕೊಂಡು ಕೆಲಸ ಮಾಡುತ್ತವೆ. ಡೋಸ್ ತಾನಾಗಿಯೇ ಕಡಿಮೆ ಸಾಕಾಗುತ್ತದೆ. ರೋಗ ಹೋಯಿತು ಅಂದುಕೊಂಡು ಇನ್ಸುಲಿನ್ ಪೂರ್ತಿ ಬಿಡಬೇಡಿ. ಈ ಹಂತ ಮುಗಿದಾಗ ಮತ್ತೆ ಲೆಕ್ಕ ಬದಲಾಗುತ್ತದೆ. ಆಗ ನಿಮ್ಮ ಪ್ರಾಕ್ಟೀಸ್ ತಪ್ಪು ಅಂತ ಹಳಿದುಕೊಳ್ಳಬೇಡಿ.

ಕಬ್ಬಿಣ_ಎತ್ತುವವ

ವೇಟ್‌ಲಿಫ್ಟಿಂಗ್, 6 ವರ್ಷದಿಂದ ಟೈಪ್ 1. ಆ 230 ನೋಡಿ ಕೂಡಲೇ ಪೂರ್ತಿ ಕರೆಕ್ಷನ್ (ಏರಿದ ಶುಗರ್ ಇಳಿಸೋ ಇನ್ಸುಲಿನ್) ತಗೋಬೇಡಿ. ನಾನು ತಗೊಂಡಿದ್ದೆ. ಭಾರದ ಸ್ಕ್ವಾಟ್ ಮುಗಿಸಿದಾಗ 220 ಇತ್ತು. ಮಾಮೂಲಿ ಲೆಕ್ಕದಂತೆ ಇನ್ಸುಲಿನ್ ಹಾಕಿಕೊಂಡೆ. ಎರಡು ಗಂಟೆ ಬಿಟ್ಟು 58. ಅಡ್ರಿನಲಿನ್ ಇಳಿದ ಮೇಲೆ ಶುಗರ್ ತಾನೇ ಇಳಿಯುತ್ತಾ ಬರುತ್ತದೆ, ಖಾಲಿಯಾದ ಸ್ನಾಯುವೂ ಎಳೆದುಕೊಳ್ಳುತ್ತಿರುತ್ತದೆ. ಈಗ ನನ್ನ ಡಾಕ್ಟರ್ ಹೇಳಿದಂತೆ ಸ್ವಲ್ಪ ಹೊತ್ತು ಕಾಯುತ್ತೇನೆ, ಆಮೇಲೂ ಮೇಲೇ ಇದ್ದರೆ ಅರ್ಧ ಮಾತ್ರ.

ಇದನ್ನೇ ಉಪಯೋಗಕ್ಕೂ ತಂದುಕೊಳ್ಳಬಹುದು. ಜಿಮ್ ಮತ್ತು ಆರಾಮಿನ ಓಟ ಎರಡೂ ಒಂದೇ ದಿನ ಇದ್ದರೆ ಜಿಮ್ ಮೊದಲು ಮಾಡಿ. ಆಮೇಲಿನ ಓಟದಲ್ಲಿ ಶುಗರ್ ಅಷ್ಟು ಬೀಳಲ್ಲ. ಓಟದ ಕೊನೆಗೆ ಒಂದು 10 ಸೆಕೆಂಡಿನ ಪೂರ್ತಿ ಜೋರಿನ ಸ್ಪ್ರಿಂಟ್ ಹಾಕಿದರೂ ನಂತರದ ಇಳಿತ ಸ್ವಲ್ಪ ಹೊತ್ತು ತಡೆಯುತ್ತದೆ. ಆದರೆ ಶುಗರ್ ಆಗಲೇ ಲೋ ಆಗಿದ್ದರೆ ಸ್ಪ್ರಿಂಟ್ ಅಲ್ಲ, ಸಕ್ಕರೆಯೇ ಔಷಧಿ.

ಈಜುಗಾರನ_ಅಮ್ಮ

ಮಗಳೇ, ನಿನ್ನ ಪೋಸ್ಟ್ ಓದಿ ಎರಡು ವರ್ಷದ ಹಿಂದಿನ ನಮ್ಮ ಮನೆ ನೆನಪಾಯಿತು. ನನ್ನ ಮಗನಿಗೆ ಆಗ 14.

ರಾತ್ರಿಯ ಭಯದ ಬಗ್ಗೆ ಹೇಳುತ್ತೇನೆ. ಆ ಭಯ ಸುಮ್ನೆ ಬಂದಿದ್ದಲ್ಲ. ಸಂಜೆ ಪ್ರಾಕ್ಟೀಸ್ ಮಾಡಿದರೆ ಖಾಲಿಯಾದ ಗ್ಲೈಕೋಜನ್ (ಕೂಡಿಟ್ಟ ಸಕ್ಕರೆ) ತುಂಬಿಕೊಳ್ಳೋಕೆ ಸ್ನಾಯು ರಾತ್ರಿಯೆಲ್ಲ ಸಕ್ಕರೆ ಎಳೆಯುತ್ತದೆ, ಇನ್ಸುಲಿನ್ನೂ ಜಾಸ್ತಿ ನಾಟುತ್ತದೆ. ಅದಕ್ಕೇ ಓಡಿ 6-10 ಗಂಟೆ ಆದಮೇಲೂ, ನಿದ್ದೆಯ ನಡುವೆ ಲೋ ಆಗೋದು. ಮೊದಲ ತಿಂಗಳು ನಾನು ಮಗನ ಮಂಚದ ಪಕ್ಕ ಕುರ್ಚಿ ಹಾಕಿಕೊಂಡು ಕೂರುತ್ತಿದ್ದೆ. ಎರಡು ಗಂಟೆಗೊಮ್ಮೆ ಟಾರ್ಚ್ ಹಿಡಿದು ಬೆರಳು ಚುಚ್ಚುತ್ತಿದ್ದೆ. ಅವನಿಗೂ ನಿದ್ದೆ ಇಲ್ಲ, ನನಗೂ ಇಲ್ಲ.

ಬದಲಾಗಿದ್ದು ಮೂರು ವಿಷಯದಿಂದ. ಜೋರು ಪ್ರಾಕ್ಟೀಸ್ ಆದಷ್ಟು ಬೆಳಿಗ್ಗೆಗೆ ಹಾಕಿಸಿದೆವು. ಸಂಜೆ ಮಾಡಿದ ದಿನ ಬೇಸಲ್ ಎಷ್ಟು ಇಳಿಸಬೇಕು ಅಂತ ಡಾಕ್ಟರ್ ಬರೆದುಕೊಟ್ಟರು, ಅವನ ವಿಷಯದಲ್ಲಿ ಐದರಲ್ಲಿ ಒಂದು ಪಾಲು. ಮೂರನೆಯದು ಅಲಾರಂ. ಸೆನ್ಸರಿನ ಕೆಳ ಅಲಾರಂ ರಾತ್ರಿಗೆ ಸ್ವಲ್ಪ ಎತ್ತರಕ್ಕೆ ಇಟ್ಟೆವು. ನನ್ನ ಫೋನಿಗೂ ಬರುವ ಹಾಗೆ ಮಾಡಿದೆವು. ನಿನ್ನ ಜೊತೆ ಇರುವ ಒಬ್ಬರ ಫೋನಿಗೆ ಬರುವ ಹಾಗೆ ಮಾಡಿಕೋ ಮಗಳೇ. ಒಬ್ಬಳೇ ಕಾವಲು ಕಾಯಬೇಡ.

ಸೆನ್ಸರ್ ಇರುವ ತೋಳಿನ ಮೇಲೇ ಮಲಗಿದರೆ ಒತ್ತಡಕ್ಕೆ ಸುಳ್ಳು ಲೋ ತೋರಿಸುತ್ತದೆ. ಅಲಾರಂ ಹೊಡೆದು, ಮೈಯಲ್ಲಿ ಏನೂ ಅನ್ನಿಸದಿದ್ದರೆ ಪಕ್ಕ ಬದಲಿಸಿ ಬೆರಳು ಚುಚ್ಚಿ ನೋಡು. ನೀರಿನೊಳಗೆ ಸೆನ್ಸರಿನ ಸಿಗ್ನಲ್ಲೂ ಫೋನಿಗೆ ಬರಲ್ಲ. ನಿನಗೆ ಅದು ಬೇಕಾಗಲ್ಲ, ಬೇರೆ ಈಜುಗಾರರು ಓದುತ್ತಿದ್ದರೆ ಇರಲಿ ಅಂತ ಬರೆದೆ.

ಸಕ್ಕರೆ_ಬಿಟ್ಟವ

ಎಲ್ಲರೂ ಯಾಕೆ ಇಷ್ಟು ಕಷ್ಟ ಪಡುತ್ತೀರಿ? ನಾನು ಕಾರ್ಬ್, ಅಂದರೆ ಊಟದ ಪಿಷ್ಟ-ಸಕ್ಕರೆ, ದಿನಕ್ಕೆ 30 ಗ್ರಾಂಗೆ ಇಳಿಸಿದೆ. ಗ್ರಾಫ್ ಗೆರೆ ಎಳೆದ ಹಾಗೆ ಸಮ ಇದೆ. ಇನ್ಸುಲಿನ್ ಅರ್ಧಕ್ಕೆ ಬಂತು. ವಾರಕ್ಕೆ ನಾಲ್ಕು ದಿನ ಜಾಗಿಂಗ್ ಮಾಡುತ್ತೇನೆ.

ಎರಡು_ಚಕ್ರ

ನಿಮಗೆ ಹೊಂದಿಕೊಂಡಿದ್ದರೆ ಸಂತೋಷ ಸರ್. ಆದರೆ ಈ ಹುಡುಗಿಗೆ ಅದನ್ನು ಹೇಳೋದು ಸರಿಯಲ್ಲ ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ. ಜಾಗಿಂಗ್ ಬೇರೆ, 1500 ಮೀಟರ್ ರೇಸ್ ಬೇರೆ. ಅಷ್ಟು ಜೋರಿನ ಓಟಕ್ಕೆ ಇಂಧನ ಗ್ಲೈಕೋಜನ್. ಅದು ಬರೋದು ಕಾರ್ಬ್‌ನಿಂದ. ಈಗಷ್ಟೇ 7 ಕಿಲೋ ಕಳೆದುಕೊಂಡು ಕೀಟೋನ್ ಏರಿ ಆಸ್ಪತ್ರೆ ನೋಡಿ ಬಂದಿದ್ದಾಳೆ. ಇನ್ನೂ ಒಂದು ಅಪಾಯ ಇದೆ. ತೀರಾ ಲೋ ಆಗಿ ಬಿದ್ದರೆ ಕೊಡುವ ಗ್ಲೂಕಗಾನ್ ಇಂಜೆಕ್ಷನ್ ಕೆಲಸ ಮಾಡೋದು ಲಿವರಿನಲ್ಲಿ ಕೂಡಿಟ್ಟ ಗ್ಲೈಕೋಜನ್ ಕರಗಿಸಿ. ಲಿವರ್ ಖಾಲಿ ಇದ್ದರೆ ಅದೂ ಸರಿಯಾಗಿ ಕೆಲಸ ಮಾಡಲ್ಲ.

ಕ್ಲಿನಿಕ್_ಅಕ್ಕ

ಎರಡು_ಚಕ್ರ ಅವರ ಮಾತಿಗೆ ನನ್ನದೂ ಸಹಮತ. ಸಮ ಗೆರೆ ನೋಡೋಕೆ ಚೆಂದ. ಆದರೆ ಸ್ಪರ್ಧೆಗೆ ಓಡುವವರ ಗ್ರಾಫ್ ಏರಿಳಿಯುತ್ತದೆ, ಅದಕ್ಕೆ ಹೆದರಿ ಊಟ ಬಿಡೋದು ಬೇಡ. ಎಷ್ಟೋ ಹುಡುಗಿಯರು ಹೀಗೇ ಶುರು ಮಾಡಿ ಕೊನೆಗೆ ಇನ್ಸುಲಿನ್ನನ್ನೂ ಕಡಿಮೆ ಹಾಕಿಕೊಂಡು ತೂಕ ಇಳಿಸೋಕೆ ಹೋಗುತ್ತಾರೆ. ಅದು ಪ್ರಾಣಕ್ಕೇ ಕುತ್ತು. ಅಂಥ ಯೋಚನೆ ಬಂದ ದಿನವೇ ಯಾರಿಗಾದರೂ ಹೇಳಿ.

ಮೂರುಮುಕ್ಕಾಲು_ಸುತ್ತು

ಎಲ್ಲರಿಗೂ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ನೋಟ್‌ಬುಕ್ ತಂದೆ. ಹೊಟ್ಟೆಗೆ ಚುಚ್ಚಿಕೊಳ್ಳುತ್ತಿದ್ದೇನೆ. ಹೊಸ ಡಾಕ್ಟರ್ ಸಿಕ್ಕಿದ್ದಾರೆ, ಅವರು ಮೊದಲು ಕೇಳಿದ್ದೇ ನನ್ನ ಬೆಸ್ಟ್ ಟೈಮ್ ಎಷ್ಟು ಅಂತ. ನನಗೆ ಕಣ್ಣಲ್ಲಿ ನೀರು ಬಂತು.

ನಿನ್ನೆ ಒಂದು ಘಟನೆ ಆಯಿತು. ಪ್ರಾಕ್ಟೀಸ್ ನಡುವೆ ಸಕ್ಕರೆಯ ಜೆಲ್ ತಿಂದೆ. ಸೆನ್ಸರ್ 118 ತೋರಿಸುತ್ತಿತ್ತು. ನಂಬಿಕೆ ಬರದೆ ಬೆರಳು ಚುಚ್ಚಿದೆ, 291! ಗಾಬರಿಯಾಗಿ ಇನ್ಸುಲಿನ್ ಹಾಕಿಕೊಳ್ಳೋಕೆ ಪೆನ್ ಮುಚ್ಚಳ ತೆಗೆದೆ. ಆಗ ಬೆರಳು ಮುಚ್ಚಳಕ್ಕೆ ಅಂಟಿತು. ನೋಡಿದರೆ ತುದಿಗೆಲ್ಲ ಜೆಲ್ ಮೆತ್ತಿದೆ. ಕೈ ತೊಳೆದು ಮತ್ತೆ ಚುಚ್ಚಿದೆ, 121. ಇನ್ಸುಲಿನ್ ಹಾಕಿಕೊಂಡಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿದರೆ ಈಗಲೂ ಮೈ ನಡುಗುತ್ತದೆ. ಪೇಪರ್ ಸೋಪ್ ಮತ್ತು ಚಿಕ್ಕ ನೀರಿನ ಬಾಟಲಿ ಈಗ ಕಿಟ್‌ನಲ್ಲೇ ಇರುತ್ತದೆ.

ಇನ್ನೊಂದು ಪ್ರಶ್ನೆ. ಇನ್ಸುಲಿನ್ ಡೋಪಿಂಗ್ ಪಟ್ಟಿಯಲ್ಲಿದೆ ಅಂತ ಟೀಮಿನಲ್ಲಿ ಒಬ್ಬಳು ಹೇಳಿದಳು. ನಿಜವಾ?

ಕಬ್ಬಿಣ_ಎತ್ತುವವ

ನಿಜ. ಜಾಗತಿಕ ಡೋಪಿಂಗ್ ತಡೆ ಸಂಸ್ಥೆ ವಾಡಾದ ನಿಷೇಧಿತ ಪಟ್ಟಿಯಲ್ಲಿ ಇನ್ಸುಲಿನ್ ಇದೆ. ಸ್ಪರ್ಧೆ ದಿನ ಮಾತ್ರ ಅಲ್ಲ, ವರ್ಷಪೂರ್ತಿ. ಆದರೆ ಹೆದರಬೇಡಿ. ಟಿಯುಇ ಅಂತ ಇದೆ, ಚಿಕಿತ್ಸೆಗೆ ಬೇಕೇ ಬೇಕಾದ ಔಷಧಿಗೆ ಕೊಡುವ ವಿನಾಯಿತಿ. ದೇಶದ ಮಟ್ಟದಲ್ಲಿ ಸ್ಪರ್ಧಿಸುವವರು ತಮ್ಮ ದೇಶದ ಡೋಪಿಂಗ್ ತಡೆ ಸಂಸ್ಥೆಗೆ ಅರ್ಜಿ ಹಾಕಬೇಕು, ಅಂತರರಾಷ್ಟ್ರೀಯ ಮಟ್ಟದವರು ತಮ್ಮ ಕ್ರೀಡೆಯ ಫೆಡರೇಶನ್‌ಗೆ. ಡಿಸ್ಚಾರ್ಜ್ ಸಮ್ಮರಿ, ಲ್ಯಾಬ್ ರಿಪೋರ್ಟ್, ಡಾಕ್ಟರ್ ಪತ್ರ ಎಲ್ಲ ಜೋಡಿಸಿಕೊಳ್ಳಿ. ಈ ವಾರವೇ ಮಾಡಿ, ರೇಸಿನ ಹಿಂದಿನ ದಿನಕ್ಕೆ ಇಟ್ಟುಕೊಳ್ಳಬೇಡಿ.

ತಡವಾಗಿ_ಬಂದವ

ನನ್ನ ಕತೆ ಸ್ವಲ್ಪ ಬೇರೆ. 34ಕ್ಕೆ ಶುಗರ್ ಬಂತು. ವಯಸ್ಸು ನೋಡಿ ಟೈಪ್ 2 ಅಂದರು, ಮಾತ್ರೆ ಕೊಟ್ಟರು. ಒಂದು ವರ್ಷ ಮಾತ್ರೆ ನುಂಗಿದೆ, ಊಟ ಅಳೆದು ತಿಂದೆ, ಮ್ಯಾರಥಾನ್ ಪ್ರಾಕ್ಟೀಸೂ ಬಿಡಲಿಲ್ಲ. ತೂಕ ಇಳಿಯುತ್ತಲೇ ಹೋಯಿತು, ಶುಗರ್ ಏರುತ್ತಲೇ ಹೋಯಿತು. ನಾನೇ ಸರಿಯಾಗಿ ಪಥ್ಯ ಮಾಡುತ್ತಿಲ್ಲ ಅಂತ ಎಲ್ಲರೂ ಅಂದರು. ಆಮೇಲೆ ಒಬ್ಬರು ಜಿಎಡಿ ಆಂಟಿಬಾಡಿ (ದೇಹ ತನ್ನದೇ ಬೀಟಾ ಕೋಶಗಳ ಮೇಲೆ ದಾಳಿ ಮಾಡುತ್ತಿದೆಯಾ ಅಂತ ತೋರಿಸೋದು) ಮತ್ತು ಸಿ-ಪೆಪ್ಟೈಡ್ (ದೇಹ ಇನ್ನೂ ಎಷ್ಟು ಇನ್ಸುಲಿನ್ ಮಾಡುತ್ತಿದೆ ಅಂತ ತೋರಿಸೋದು) ಪರೀಕ್ಷೆ ಮಾಡಿಸಿದರು. ದೊಡ್ಡವರಲ್ಲಿ ನಿಧಾನವಾಗಿ ಬರುವ ಟೈಪ್ 1 ಅದು. ತೆಳ್ಳಗಿದ್ದು, ಓಡಾಡಿಕೊಂಡು ಇದ್ದು, ಮಾತ್ರೆಗೆ ಬಗ್ಗದ ಶುಗರ್ ಯಾರಿಗಾದರೂ ಇದ್ದರೆ ಈ ಎರಡು ಪರೀಕ್ಷೆ ಬಗ್ಗೆ ಕೇಳಿ.

ಧೈರ್ಯಕ್ಕೆ ನಾನು ಆಗ ಹಿಡಿದುಕೊಂಡಿದ್ದು ಇವರನ್ನು. ವಾಸಿಂ ಅಕ್ರಂಗೆ 1997ರಲ್ಲಿ ಡಯಾಬಿಟಿಸ್ ಗೊತ್ತಾಯಿತು. 2003ರ ವಿಶ್ವಕಪ್‌ನಲ್ಲಿ ಏಕದಿನ ಪಂದ್ಯಗಳ 500ನೇ ವಿಕೆಟ್ ತಗೊಂಡರು. ಈಜುಗಾರ ಗ್ಯಾರಿ ಹಾಲ್ ಜೂನಿಯರ್‌ಗೆ 1999ರಲ್ಲಿ ಟೈಪ್ 1 ಬಂತು. ಮರುವರ್ಷ ಸಿಡ್ನಿ ಒಲಿಂಪಿಕ್ಸ್‌ನಲ್ಲಿ 50 ಮೀಟರ್ ಫ್ರೀಸ್ಟೈಲ್ ಚಿನ್ನ ಹಂಚಿಕೊಂಡರು, 2004ರಲ್ಲಿ ಅಥೆನ್ಸ್‌ನಲ್ಲಿ ಅದೇ ಸ್ಪರ್ಧೆಯ ಚಿನ್ನ ಒಬ್ಬರೇ ಗೆದ್ದರು. ಟೆನಿಸ್‌ನ ಜ್ವೆರೆವ್ ಚಿಕ್ಕಂದಿನಿಂದ ಟೈಪ್ 1 ಇಟ್ಟುಕೊಂಡೇ ಟೋಕಿಯೊ ಒಲಿಂಪಿಕ್ಸ್ ಚಿನ್ನ ಗೆದ್ದದ್ದು.

ಈಜುಗಾರನ_ಅಮ್ಮ

ಗ್ಯಾರಿ ಹಾಲ್ ಫೋಟೋ ನನ್ನ ಮಗನ ಗೋಡೆ ಮೇಲೆ ಇದೆ.

ಎರಡು_ಚಕ್ರ

ತಂಗಿ, ರೇಸ್ ದಿನದ ಬಗ್ಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಪ್ರಾಕ್ಟೀಸಿನಲ್ಲಿ ಕಲಿತ ಲೆಕ್ಕ ರೇಸ್ ದಿನ ಅರ್ಧ ಮಾತ್ರ ನಡೆಯುತ್ತದೆ. ಗನ್ ಹೊಡೆಯೋಕೆ ಮುಂಚೆಯೇ, ಎದೆ ಡವಡವ ಅನ್ನುವಾಗಲೇ ಶುಗರ್ ಏರುತ್ತದೆ. ಆಗ ಪೆನ್ ಕೈಗೆತ್ತಿಕೊಳ್ಳೋ ಆಸೆ ಬಹಳ ಇರುತ್ತದೆ. ಮುಖ್ಯ ರೇಸಿಗೆ ಮುಂಚೆ ಎರಡು ಸಣ್ಣ ರೇಸ್ ಓಡು, ಗೆಲ್ಲೋಕಲ್ಲ, ನಿನ್ನ ಗಾಬರಿಗೆ ಶುಗರ್ ಎಷ್ಟು ಏರುತ್ತದೆ ಅಂತ ನೋಡೋಕೆ. ಊಟ ರೇಸಿಗೆ 3 ಗಂಟೆ ಮುಂಚೆ ಮುಗಿಸು, ಬೋಲಸ್ ಬಹುಪಾಲು ತೀರಿರುತ್ತದೆ. ಇನ್ಸುಲಿನ್ ಪೆನ್ ಬಿಸಿಲಿಗೆ ಇಡಬೇಡ, ಕಾದರೆ ಅದರ ಶಕ್ತಿ ಹೋಗುತ್ತದೆ. ಕೋಚ್‌ಗೂ ಜೊತೆಯ ಒಬ್ಬಳಿಗೂ ಗ್ಲೂಕೋಸ್ ಎಲ್ಲಿದೆ, ಯಾವಾಗ ಕೊಡಬೇಕು ಅಂತ ತೋರಿಸಿಡು. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನೂ ಹಾಕಬಾರದು ಅಂತಲೂ ಹೇಳು.

ಮೂರುಮುಕ್ಕಾಲು_ಸುತ್ತು (11 ವಾರದ ನಂತರ)

ಓಡಿದೆ!

ಸಣ್ಣ ರೇಸ್ ಎರಡು ಓಡಿದ್ದೆ. ಎರಡರಲ್ಲೂ ಸ್ಟಾರ್ಟ್ ಹೊತ್ತಿಗೆ ಶುಗರ್ ಇದ್ದದ್ದಕ್ಕಿಂತ 60-70ರಷ್ಟು ಏರಿತ್ತು. ನೋಟ್‌ಬುಕ್‌ನಲ್ಲಿ ಕೆಂಪು ಪೆನ್ನಲ್ಲಿ ಬರೆದಿಟ್ಟಿದ್ದೆ.

ನಿನ್ನೆ ವಾರ್ಮ್ ಅಪ್ ಶುರುವಿನಲ್ಲಿ 142. ಕಾಲ್ ರೂಮಿಗೆ (ರೇಸಿಗೆ ಮುಂಚೆ ಓಟಗಾರರು ಸೇರುವ ಕೋಣೆ) ಹೋಗುವಾಗ 214, ಸೆನ್ಸರಿನ ಬಾಣ ಮೇಲಕ್ಕೆ. ಕೈ ಬ್ಯಾಗಿಗೆ ಹೋಯಿತು. ಕೆಂಪು ಅಕ್ಷರ ನೆನಪಾಗಿ ಜಿಪ್ ಎಳೆದು ಬ್ಯಾಗನ್ನು ಕೋಚ್ ಕೈಗೆ ಕೊಟ್ಟೆ. "ಎಷ್ಟಿದೆ?" ಅಂದರು. ಹೇಳಿದೆ. "ನಿನ್ನ ಪುಸ್ತಕದಲ್ಲಿ ಇರೋದೇ ಅಲ್ವಾ?" ಅಂದರು. ಅವರೂ ಆ ಪುಟ ಓದಿದ್ದರು ಅಂತ ಆಗ ಗೊತ್ತಾಯಿತು.

ನನ್ನ ಬೆಸ್ಟ್‌ಗಿಂತ 4 ಸೆಕೆಂಡ್ ಹಿಂದೆ, ಐದನೇ ಜಾಗ. ಕೊನೆಯ 300 ಮೀಟರಿನಲ್ಲಿ ಕಾಲು ನನ್ನ ಮಾತು ಕೇಳಿತು. ಆ ಕಲ್ಲಿನ ಭಾರ ಇರಲಿಲ್ಲ. ಮುಗಿದಾಗ 251. ಕೀಟೋನ್ ನೋಡಿದೆ, 0.3. ಕಾದೆ. 40 ನಿಮಿಷ ಆದಮೇಲೂ ಮೇಲೇ ಇತ್ತು, ಡಾಕ್ಟರ್ ಬರೆದುಕೊಟ್ಟ ಅರ್ಧ ಡೋಸ್ ಹಾಕಿಕೊಂಡೆ. ರಾತ್ರಿ 2:40ಕ್ಕೆ ಅಲಾರಂ ಆಯಿತು, 78, ಬಾಣ ಕೆಳಕ್ಕೆ. ಮೂರು ಗ್ಲೂಕೋಸ್ ಮಾತ್ರೆ ತಿಂದೆ. ತನ್ನ ಫೋನಿಗೂ ಅಲಾರಂ ಬಂದು ನನ್ನ ಅಕ್ಕ ಎದ್ದು ಬಾಗಿಲಲ್ಲಿ ನಿಂತಿದ್ದಳು. 15 ನಿಮಿಷ ಇಬ್ಬರೂ ಮಂಚದ ಮೇಲೆ ಕೂತು ಮೀಟರ್ ನೋಡಿದೆವು. 104. ಮಲಗಿದೆವು.

ಮುಂದಿನ ತಿಂಗಳು 800 ಇದೆ. ಹೀಟ್ಸ್, ಫೈನಲ್ ಎರಡೂ ಒಂದೇ ದಿನ, ನಡುವೆ 3 ಗಂಟೆ. ಹೀಟ್ಸ್ ಆದಮೇಲೆ ಶುಗರ್ ಮೇಲಿರುತ್ತದೆ, ಆದರೂ ತಿನ್ನಲೇಬೇಕು. ಆ ಊಟದ ಇನ್ಸುಲಿನ್ ಬಗ್ಗೆ ಅನುಭವ ಇರೋರು ಹೇಳುತ್ತೀರಾ?

ಎರಡು_ಚಕ್ರ

ಶಭಾಷ್ ತಂಗಿ! ಹೀಟ್ಸ್ ಮುಗಿದ ಕೂಡಲೇ ತಿನ್ನು, ತಡ ಮಾಡಬೇಡ, ಇನ್ಸುಲಿನ್‌ಗೆ ತೀರಲು ಸಮಯ ಸಿಗಲಿ. ಬೋಲಸ್ ಎಷ್ಟು ಅಂತ ಈಗಲೇ ಡಾಕ್ಟರನ್ನು ಕೇಳು. ಆಮೇಲೆ ಈ ಶನಿವಾರ ಟ್ರ್ಯಾಕ್‌ನಲ್ಲಿ 3 ಗಂಟೆ ಬಿಟ್ಟು ಎರಡು 800 ಓಡಿ ನೋಡು. ಪುಟದ ಫೋಟೋ ಇಲ್ಲಿ ಹಾಕು, ಒಟ್ಟಿಗೆ ಕೂತು ನೋಡೋಣ.